ಸೆನ್ಸರ್ ಆಮೇಲೆ ನೋಡೋಣ, ಮೊದಲು ಪೈಪಿನ ಬಾಯಿಗೆ ಗುರುತು ಹಾಕಿ

ಮುಂಡರಗಿ ಕಡೆ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ಮಾದರಿ ತರುವ ಕೆಲಸಕ್ಕೆ ಸೇರಿದ್ದೀರಿ, ಮಟ್ಟ ತಾನಾಗಿ ಅಳೆಯುವ ಸೆನ್ಸರ್ ಕೊಳ್ಳಬೇಕೋ ಟೇಪ್ ಸಾಕೋ ಅಂತ ಕೇಳಿದ್ದೀರಿ. ನಾನೂ ಅದೇ ತಾಲೂಕಿನಲ್ಲಿ ಅದೇ ಕೆಲಸದಿಂದ ಶುರು ಮಾಡಿದವನು. ನಮ್ಮ ಲೆಕ್ಕ ಕೆಟ್ಟದ್ದು ಉಪಕರಣದಿಂದಲ್ಲ, ಎಲ್ಲಿಂದ ಅಳೆದೆವು ಅನ್ನುವುದರಿಂದ.

ಮಳೆಗೆ ಮೊದಲು ಮೇ ತಿಂಗಳಲ್ಲಿ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಅಳೆಯುವುದು ರೂಢಿ. ಮೇ ತಿಂಗಳಲ್ಲಿ ನಾನು ಕೇಸಿಂಗ್ ಪೈಪಿನ, ಅಂದರೆ ಬೋರಿನ ಗೋಡೆ ಕುಸಿಯದಂತೆ ಇಳಿಸಿದ ಪೈಪಿನ, ಬಾಯಿಂದ ಟೇಪ್ ಇಳಿಸಿ 14.60 ಮೀಟರ್ ಅಂತ ಬರೆದೆ. ನವೆಂಬರಿನಲ್ಲಿ ಹೋದ ಜೊತೆಗಾರ, ಪೈಪು ನೆಲದ ಮೇಲೆ ಎದ್ದು ನಿಂತಿದ್ದ 60 ಸೆಂಟಿಮೀಟರ್ ಕಳೆದು 13.90 ಅಂತ ಬರೆದ. ಇಬ್ಬರ ಅಳತೆಯೂ ಸರಿಯೇ. ಆದರೆ ರಿಜಿಸ್ಟರಿನಲ್ಲಿ ಇದ್ದದ್ದು ‘ಆಳ’ ಅನ್ನುವ ಒಂದೇ ಕಾಲಂ. ನನ್ನ ಅಳತೆಯಲ್ಲೂ ಆ 60 ಕಳೆದಿದ್ದರೆ 14.00 ಆಗುತ್ತಿತ್ತು. ಅಂದರೆ ನೀರು ನಿಜಕ್ಕೂ ಏರಿದ್ದು 10 ಸೆಂಟಿಮೀಟರ್, ಕಾಗದದ ಮೇಲೆ ಏರಿದ್ದು 70. ಹಳ್ಳದ ಚೆಕ್ ಡ್ಯಾಮಿನಿಂದ ಹೀಗಾಗಿದೆ ಅಂತ ನಾನು ವರದಿ ಬರೆದೆ, ಗ್ರಾಮಸಭೆಯಲ್ಲಿ ಓದಿಯೂ ಹೇಳಿದೆ. ಅದನ್ನು ನಂಬಿ ಒಬ್ಬ ರೈತರು ಬೇಸಿಗೆ ಶೇಂಗಾ ಹಾಕಿದರು.

“ಸರ, ನೀರ್ ಮ್ಯಾಲೆ ಬಂದೈತಿ ಅಂತ ನೀವ ಓದಿದ್ರಿ. ಮತ್ತ ನಮ್ಮ ಬೋರಿಗೆ ಯಾಕ ಬರವಲ್ದು?” ಅಂತ ಅವರು ಕೇಳಿದಾಗಲೇ ನಾನು ರಿಜಿಸ್ಟರ್ ಹಿಡಿದು ಮತ್ತೆ ಆ ಪೈಪಿನ ಹತ್ತಿರ ಹೋದದ್ದು. ಶೇಂಗಾ ಹೂ ಬಿಟ್ಟ ಹಂತದಲ್ಲೇ ಒಣಗಿತು. ವರದಿ ತಿದ್ದಿ ಕೊಟ್ಟೆ, ಆದರೆ ಆ ಊರಲ್ಲಿ ನನ್ನ ಮಾತಿಗೆ ಮೊದಲಿನ ಬೆಲೆ ಬರಲಿಲ್ಲ.

ಆದ್ದರಿಂದ ಮೊದಲ ದಿನವೇ ಪೈಪಿನ ಅಂಚಿನಲ್ಲಿ ಒಂದೇ ಕಡೆ ಗರಗಸದಿಂದ ಗೀರು ಹಾಕಿ, ಮೇಲೆ ಕೆಂಪು ಪೇಂಟ್ ಬಳಿಯಿರಿ. ಬಾಯಿ ಓರೆಯಾಗಿ ಕತ್ತರಿಸಿದ ಪೈಪುಗಳೇ ಜಾಸ್ತಿ, ಆ ಕಡೆ ಈ ಕಡೆ ಹಿಡಿದರೆ ಅಳತೆ ಬೇರೆಯಾಗುತ್ತದೆ. ಗುರುತಿನಿಂದ ನೀರಿಗೆ ಎಷ್ಟು, ನೆಲದಿಂದ ಗುರುತಿಗೆ ಎಷ್ಟು, ಇವೆರಡನ್ನೇ ಅಲ್ಲಿ ಬರೆಯಿರಿ. ಕಳೆಯುವ ಲೆಕ್ಕ ಆಫೀಸಿಗೆ ಬಂದು ಮಾಡಿ. ಸೆನ್ಸರ್ ಇಳಿಬಿಟ್ಟರೂ ತಾಳೆ ನೋಡಲು ಟೇಪ್ ಬೇಕೇ ಬೇಕು, ಹಾಗಾಗಿ ನೀರು ಮುಟ್ಟಿದಾಗ ಸದ್ದು ಮಾಡುವ ಟೇಪನ್ನೇ ಕೊಳ್ಳಿ. ಅದು ಕೈಕೊಟ್ಟ ದಿನ ಸ್ಟೀಲ್ ಟೇಪಿಗೆ ಖಡು (ಸೀಮೆಸುಣ್ಣ) ಸವರಿ ಇಳಿಸಿದರೂ ನಡೆಯುತ್ತದೆ, ತೋಯ್ದ ಗೆರೆ ಚೆನ್ನಾಗಿ ಕಾಣುತ್ತದೆ.

ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ ಅಂತ ಊರಲ್ಲಿ ಕೇಳಿಕೊಂಡೇ ಹೋಗಿ. ಪಕ್ಕದ ಹೊಲದ ಪಂಪ್ ಓಡುತ್ತಿದ್ದರೆ ನಿಮ್ಮ ಬಾವಿಯ ಮಟ್ಟವೂ ಕೆಳಗೆ ಇಳಿದಿರುತ್ತದೆ.

ಮಾದರಿಯ ವಿಷಯ. ಪೈಪಿನಲ್ಲಿ ತಂಗಿದ ನೀರನ್ನು ಬಾಟಲಿಗೆ ತುಂಬಬೇಡಿ. 6 ಇಂಚಿನ ಬೋರಿನಲ್ಲಿ ಮೀಟರಿಗೆ ಸುಮಾರು 18 ಲೀಟರ್ ಇರುತ್ತದೆ. 40 ಮೀಟರ್ ನೀರಿದ್ದರೆ 720 ಲೀಟರ್. ಅದರ ಮೂರರಷ್ಟು ನೀರು ಪಂಪಿನಿಂದ ಹೊರಗೆ ಹರಿದು, ಪಿಎಚ್, ಉಷ್ಣಾಂಶ, ವಿದ್ಯುತ್ ವಾಹಕತೆ ಮೂರೂ ಬದಲಾಗದೆ ಒಂದೇ ಕಡೆ ನಿಂತ ಮೇಲೆ ಮಾದರಿ ಹಿಡಿಯಿರಿ. ನಿಮ್ಮ ಕಡೆ ಮುಖ್ಯವಾದದ್ದು ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಕುಡಿಯುವ ನೀರಿನ ಭಾರತೀಯ ಮಾನಕ ಹೇಳುತ್ತದೆ. ಅದಕ್ಕೆ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಲೋಹಗಳ ಪರೀಕ್ಷೆಗೆಂದು ಆಮ್ಲ ಹಾಕಿದ ಬಾಟಲಿಯನ್ನು ಇದಕ್ಕೆ ಬಳಸಬೇಡಿ. ಬಾವಿಯ ನಂಬರ್, ತಾರೀಖು, ಹೊತ್ತು ಎಲ್ಲವನ್ನೂ ಬಾಟಲಿಯ ಮೇಲೇ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಲ್ಯಾಬಿನಲ್ಲಿ ಅದಲುಬದಲಾಗುತ್ತವೆ.