ಪ್ರತಿಕ್ರಿಯೆ: ಇಳಿದ ನಾಲ್ಕು ಕಿಲೋ ಮರಳಿ ಬಂದದ್ದೇಕೆ?

ಹತ್ತು ದಿನ ಬರೀ ಮಜ್ಜಿಗೆ, ಸೌತೆಕಾಯಿಯಲ್ಲಿ ಕಳೆದು ನಾಲ್ಕು ಕಿಲೋ ಇಳಿದಿರಿ; ತಿಂಗಳೊಳಗೆ ಅಷ್ಟೂ ಮರಳಿತು, ನನಗೆ ಛಲವಿಲ್ಲವೇ ಎಂದು ಕೇಳಿದ್ದೀರಿ. ಛಲದ ಮಾತು ಬಿಡಿ, ಲೆಕ್ಕ ನೋಡಿ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ನಾಲ್ಕು ಕಿಲೋಗೆ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು! ಕುಳಿತು ಕೆಲಸ ಮಾಡುವವರ ದೇಹ ಇಡೀ ದಿನದಲ್ಲಿ ಅಷ್ಟು ಖರ್ಚೇ ಮಾಡುವುದಿಲ್ಲ. ಇಳಿದದ್ದರಲ್ಲಿ ಬಹುಪಾಲು ನೀರು. ಸ್ನಾಯು, ಯಕೃತ್ತಿನಲ್ಲಿರುವ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು, ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟಿರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ, ಅನ್ನ ಉಂಡೊಡನೆ ಎರಡೂ ಮರಳುತ್ತವೆ. ಜೊತೆಗೆ ಉಪವಾಸ ಹಸಿವನ್ನು ಕೆರಳಿಸುತ್ತದೆ, ಒಂದಿಷ್ಟು ಸ್ನಾಯುವನ್ನೂ ತಿನ್ನುತ್ತದೆ.

ನಾನೂ ದಾವಣಗೆರೆಯವನೇ. ಬೆಣ್ಣೆ ದೋಸೆ ಮುಟ್ಟುವುದಿಲ್ಲವೆಂದು ಶಪಥ ಮಾಡಿ, ಮೂರನೆಯ ಭಾನುವಾರ ಒಂದೇ ಸಲಕ್ಕೆ ನಾಲ್ಕು ತಿಂದವನು. ಈಗ ಶಪಥವಿಲ್ಲ. ವಾರಕ್ಕೊಮ್ಮೆ ಒಂದು ದೋಸೆ. ಮೇಲಿನ ಬೆಣ್ಣೆಯ ಉಂಡೆಯನ್ನು ತಟ್ಟೆಯಂಚಿಗೆ ಸರಿಸುತ್ತೇನೆ. ಆಗ ಮಾಣಿ ನೋಡುವ ನೋಟ, ಅವನ ಮನೆಯ ಎಮ್ಮೆಯನ್ನೇ ಅವಮಾನಿಸಿದೆನೋ ಎಂಬಂತೆ! ಸಂಜೆಯ ಮಂಡಕ್ಕಿ ಬಿಟ್ಟಿಲ್ಲ, ಜೊತೆಗಿನ ಮೂರು ಮಿರ್ಚಿ ಒಂದಾಗಿದೆ. ರಾತ್ರಿ ಎರಡು ಜೋಳದ ರೊಟ್ಟಿ, ಬಟ್ಟಲು ತುಂಬ ಹೆಸರುಕಾಳಿನ ಪಲ್ಯ. ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ನಡಿಗೆ. ಎಂಟು ತಿಂಗಳಲ್ಲಿ ಆರು ಕಿಲೋ ಇಳಿದಿದೆ, ಏರಿಲ್ಲ.

ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ, ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಿ.