ಕತೆಯ ಮುದುಕನಿಗೆ ಜೀವ ಬರಬೇಕಂದ್ರೆ

ಪ್ರಶ್ನೆ: ನಾನು ಬಾಗಲಕೋಟೆಯವಳು, ಕತೆ ಬರೆಯುತ್ತೇನೆ. ಈಗ ಬರೆಯುತ್ತಿರುವ ಕತೆಯಲ್ಲಿ ಇಳಕಲ್ಲಿನ ಒಬ್ಬ ಮುದುಕ ನೇಕಾರನಿದ್ದಾನೆ. ಬಡವ, ಒಳ್ಳೆಯವ, ಪವರ್‌ಲೂಮ್ ಬಂದಮೇಲೆ ಸೋತವ. ಓದಿದ ಗೆಳತಿ ‘ಪಾಪ ಅನಸ್ತದ, ಆದ್ರ ಮನಷ್ಯಾ ಕಾಣಂಗಿಲ್ಲ’ ಅಂದಳು. ಮುಂದೆ ಬರೆಯಲು ಮನಸ್ಸೇ ಏಳುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಗೆಳತಿ ಸರಿಯಾಗಿಯೇ ಹೇಳಿದ್ದಾರೆ. ಬಡವ, ಒಳ್ಳೆಯವ, ಸೋತವ ಅಂತ ನೀವೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಅವನು ಇನ್ನೂ ಏನೂ ಮಾಡಿಲ್ಲ. ಇವತ್ತು ಸಂಜೆಯೊಳಗೆ ಅವನಿಗೆ ಏನೋ ಒಂದು ಬೇಕಾಗಲಿ. ಸಣ್ಣದಾದರೂ ಸಾಕು.

ಇಳಕಲ್ ಸೀರೆಯಲ್ಲೇ ಅದು ಸಿಗುತ್ತದೆ. ಅದರ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆ ಹಿಡಿದು ಕೊಂಡಿ ಹಾಕಿ ಜೋಡಿಸಬೇಕು. ಈಗ ಹೀಗೆ ಯೋಚಿಸಿ. ನಿಮ್ಮ ಮುದುಕನಿಗೆ ಕಣ್ಣು ಮಂಜಾಗಿದೆ. ಕೆಲವು ತಿಂಗಳಿಂದ ಹೆಂಡತಿಯೇ ಕೊಂಡಿ ಹಾಕಿಕೊಡುತ್ತಿದ್ದಾಳೆ, ಸಾಹುಕಾರನಿಗೆ ಇದು ಗೊತ್ತಿಲ್ಲ. ಬನದ ಹುಣ್ಣಿಮೆಯ ಹೊತ್ತು, ಆಕೆ ಬನಶಂಕರಿ ಜಾತ್ರೆಗೆ ಹೋಗಿದ್ದಾಳೆ. ಮದುವೆ ಸೀರೆ ಕೊಡುವ ದಿನ ಹತ್ತಿರ ಬಂದಿದೆ, ಕೊಂಡಿ ಇವತ್ತೇ ಆಗಬೇಕು. ಪಕ್ಕದ ಮನೆಯಾಕೆಗೆ ಆ ಕೆಲಸ ಬರುತ್ತದೆ. ಆದರೆ ಗೋಡೆಯ ಜಗಳವಾದಾಗಿನಿಂದ ಎರಡೂ ಮನೆಗೆ ಮಾತಿಲ್ಲ.

ಅವನು ಆ ಬಾಗಿಲು ತಟ್ಟುತ್ತಾನಾ? ಸಾಹುಕಾರನಿಗೆ ಜ್ವರದ ನೆಪ ಹೇಳುತ್ತಾನಾ? ಇಲ್ಲಾ, ಮೊಮ್ಮಗಳನ್ನು ಶಾಲೆ ಬಿಡಿಸಿ ಕೂರಿಸುತ್ತಾನಾ? ಕೊನೆಯದನ್ನು ಮಾಡಿದರೆ ಅವನು ಬರೀ ‘ಒಳ್ಳೆಯವ’ನಾಗಿ ಉಳಿಯುವುದಿಲ್ಲ. ನಾನಾದರೆ ಅದನ್ನೇ ಬರೆಯುತ್ತೇನೆ. ಮೊಮ್ಮಗಳ ಮೇಲೆ ಜೀವ ಇಟ್ಟವನೇ ಹಾಗೆ ಮಾಡಿದರೆ ಓದುವವರು ಕತೆ ಬಿಟ್ಟು ಏಳಲಾರರು.

ಮಾತು ಎದುರಿಗಿರುವವರನ್ನು ನೋಡಿ ಬದಲಾಗಲಿ. ಸಾಹುಕಾರನ ಮುಂದೆ ‘ನಿಮ್ಮ ಮಾತು ಮೀರತೀನೇನ್ರೀ’ ಎನ್ನುವವನೇ, ಜಾತ್ರೆಗೆ ಹೊರಟ ಹೆಂಡತಿಗೆ ‘ಹೋಗಾಕಿ ಹೋಗು, ನನ್ನೇನ ಕೇಳ್ತಿ’ ಎಂದು ಮುಖ ತಿರುಗಿಸಬಹುದು. ‘ಹೋಗಬ್ಯಾಡ, ನನಗ ಕಣ್ಣು ಕಾಣವಲ್ವು’ ಅಂತ ಅವನು ನೇರವಾಗಿ ಹೇಳುವುದಿಲ್ಲ, ಅಲ್ವಾ?

ಸ್ಫೂರ್ತಿಗಾಗಿ ಸುಮ್ನೆ ಕಾಯಬೇಡಿ. ಇಳಕಲ್ ನಿಮ್ಮದೇ ಜಿಲ್ಲೆಯಲ್ಲಿದೆ. ಕುಣಿಮಗ್ಗ (ನೆಲದಲ್ಲಿ ಕುಣಿ ತೋಡಿ ಹೂಡಿದ ಕೈಮಗ್ಗ) ಇರುವ ಮನೆಯವರನ್ನು ಕೇಳಿಕೊಂಡು ಅರ್ಧ ದಿನ ಕೂತು ಬನ್ನಿ. ‘ನಿಮ್ಮ ಕಷ್ಟ ಏನ್ರೀ’ ಅಂತ ಮಾತ್ರ ಕೇಳಬೇಡಿ. ಬಂದವರೆಲ್ಲ ಅದನ್ನೇ ಕೇಳಿರುತ್ತಾರೆ, ಉತ್ತರ ಬಾಯಿಪಾಠವಾಗಿರುತ್ತದೆ. ‘ಎಳಿ ಹರಿದದ್ದು ನಿಮಗ ಹೆಂಗ ಗೊತ್ತಾಗ್ತದರೀ?’ ಅಂತ ಕೇಳಿ. ‘ಯಾವ ಬಣ್ಣ ನೇಯೋದಂದ್ರ ಬ್ಯಾಸರಾ?’ ಅಂತ ಕೇಳಿ. ಆಗ ಅವರ ಸಿಟ್ಟು, ಹೆಮ್ಮೆ, ಹಟ ಎಲ್ಲ ಹೊರಗೆ ಬರುತ್ತವೆ. ಆದರೆ ಒಬ್ಬರ ಬದುಕನ್ನೇ ಇಡಿಯಾಗಿ ಎತ್ತಿ ಕತೆಗೆ ಹಾಕಬೇಡಿ. ಒಬ್ಬರ ಸಿಟ್ಟಿಗೆ ಇನ್ನೊಬ್ಬರ ನಡಿಗೆ ಕೂಡಿಸಿ.

ಈವರೆಗೆ ಬರೆದದ್ದನ್ನು ಬದಿಗಿಡಿ. ಅವನು ಪಕ್ಕದ ಮನೆಯ ಬಾಗಿಲ ಮುಂದೆ ನಿಂತ ಹೊತ್ತನ್ನು ಎರಡು ಪುಟ ಬರೆಯಿರಿ. ‘ಬಡತನ’ ಎಂಬ ಪದ ಎಲ್ಲೂ ಬರಬಾರದು. ಪವರ್‌ಲೂಮ್ ಬೇಕಿದ್ದರೆ ಹಿಂದಿನ ಓಣಿಯ ಸದ್ದಾಗಿ ಬರಲಿ, ಸಾಕು. ಬರೆದ ಮೇಲೆ ಮೊದಲು ಆ ಗೆಳತಿಗೇ ಓದಲು ಕೊಡಿ.