ಎಂಬಿಎ ಅರ್ಥಶಾಸ್ತ್ರ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಪದವಿಯಲ್ಲಿ ಓದಿದ್ದು ಸಾಹಿತ್ಯ. ಎಂಬಿಎ ಮೊದಲ ಸೆಮಿಸ್ಟರಿನಲ್ಲೇ ಮ್ಯಾನೇಜೀರಿಯಲ್ ಎಕನಾಮಿಕ್ಸ್ (ವ್ಯವಹಾರ ನಿರ್ಧಾರಗಳ ಅರ್ಥಶಾಸ್ತ್ರ) ಇದೆ. ಹೈಸ್ಕೂಲು ಬಿಟ್ಟ ಮೇಲೆ ಗಣಿತದ ತಂಟೆಗೆ ಹೋಗಿಲ್ಲ. ಎಷ್ಟು ಗಣಿತ ಬೇಕಾಗುತ್ತದೆ?

ಉತ್ತರ: ಹೆದರುವಷ್ಟೇನೂ ಬೇಡ. ಶೇಕಡಾವಾರು ಲೆಕ್ಕ, ಸರಳರೇಖೆಯ ಸಮೀಕರಣ, x² ಥರದ ವರ್ಗಪದವನ್ನು ಅವಕಲಿಸುವುದು (ಡಿಫರೆನ್ಷಿಯೇಷನ್) ಗೊತ್ತಿದ್ದರೆ ಮೊದಲ ಸೆಮಿಸ್ಟರ್ ದಾಟಬಹುದು. ಗಣಿತಕ್ಕಿಂತ ಹೆಚ್ಚು ಜನ ಎಡವುವುದು ನಕ್ಷೆಯಲ್ಲಿ. ಬೇಡಿಕೆ ಬೆಲೆಯನ್ನು ಅವಲಂಬಿಸಿದರೂ ಬೆಲೆಯನ್ನು ಲಂಬ ಅಕ್ಷದ ಮೇಲೆ ಗುರುತಿಸುತ್ತಾರೆ. ಇದು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಗಟ್ಟಿಯಾದ ರೂಢಿ. ಹಾಗಾಗಿ ‘ಪ್ರಮಾಣ = 50 − 0.5 × ಬೆಲೆ’ ಎಂದು ಕೊಟ್ಟಿದ್ದರೆ, ಗೆರೆ ಎಳೆಯುವ ಮೊದಲು ಅದನ್ನು ತಿರುಗಿಸಿ ‘ಬೆಲೆ = 100 − 2 × ಪ್ರಮಾಣ’ ಎಂದು ಬರೆದುಕೊಳ್ಳಿ. ಋಣ ಚಿಹ್ನೆ ಬಿಟ್ಟು ಹೇಳುವುದಾದರೆ ನಕ್ಷೆಯಲ್ಲಿ ಕಾಣುವ ಇಳಿಜಾರು 2, ಎಲಾಸ್ಟಿಸಿಟಿಗೆ (ಬೆಲೆ ಶೇ 1 ಬದಲಾದರೆ ಪ್ರಮಾಣ ಶೇ ಎಷ್ಟು ಬದಲಾಗುತ್ತದೆ ಎಂಬ ಅಳತೆಗೆ) ಬೇಕಾದದ್ದು 0.5. ಇವೆರಡನ್ನು ಅದಲು ಬದಲು ಮಾಡಿದರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಇನ್ನೊಂದು ಮಾತು. ಆ ವಸ್ತುವಿನ ಬೆಲೆಯೇ ಬದಲಾದರೆ ಗೆರೆಯ ಮೇಲೆ ಸರಿಯಬೇಕು. ಗ್ರಾಹಕರ ಆದಾಯ, ಎದುರಾಳಿಯ ಬೆಲೆ, ಅಭಿರುಚಿ ಬದಲಾದರೆ ಇಡೀ ಗೆರೆಯನ್ನೇ ಸರಿಸಬೇಕು.

ಪ್ರಶ್ನೆ: ಬೆಲೆ 50ರಿಂದ 60ಕ್ಕೆ ಏರಿದಾಗ ಮಾರಾಟ 120ರಿಂದ 100ಕ್ಕೆ ಇಳಿಯುತ್ತದೆ. ಎಲಾಸ್ಟಿಸಿಟಿ 0.83 ಬಂತು. ಅದೇ ಲೆಕ್ಕವನ್ನು 60ರಿಂದ 50ಕ್ಕೆ ಮಾಡಿದರೆ 1.2 ಬರುತ್ತದೆ. ಯಾವುದು ಸರಿ?

ಉತ್ತರ: ತಪ್ಪು ನಿಮ್ಮದಲ್ಲ, ಸೂತ್ರದ್ದು. 10ರ ಬದಲಾವಣೆ 50ಕ್ಕೆ ಹೋಲಿಸಿದರೆ ಶೇ 20, 60ಕ್ಕೆ ಹೋಲಿಸಿದರೆ ಶೇ 16.7. ಆಧಾರ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಅದಕ್ಕೇ ಎರಡು ತುದಿಗಳ ಸರಾಸರಿಯನ್ನು ಆಧಾರ ಮಾಡಿಕೊಳ್ಳಿ: ಪ್ರಮಾಣದ ಬದಲಾವಣೆ 20/110, ಬೆಲೆಯ ಬದಲಾವಣೆ 10/55. ಎರಡೂ ಶೇ 18.2. ಎಲಾಸ್ಟಿಸಿಟಿ ಸರಿಯಾಗಿ 1.

ಒಟ್ಟು ಆದಾಯ ನೋಡಿ ಇದನ್ನು ತಾಳೆ ಹಾಕಬಹುದು. 50 × 120 = 6000, 60 × 100 = 6000. ಬೆಲೆ ಏರಿದರೂ ಆದಾಯ ಕದಲಿಲ್ಲ ಎಂದರೆ ಎಲಾಸ್ಟಿಸಿಟಿ 1 ಇರಲೇಬೇಕು. 0.83 ಆಗಿದ್ದರೆ ಆದಾಯ ಏರಬೇಕಿತ್ತು. ಪರೀಕ್ಷೆಯಲ್ಲಿ ಈ ತಾಳೆಗೆ ಅರ್ಧ ನಿಮಿಷ ಸಾಕು, ಆದರೂ ಹೆಚ್ಚಿನವರು ಮಾಡುವುದಿಲ್ಲ.

ಪ್ರಶ್ನೆ: ಬಾಡಿಗೆ ಹೆಚ್ಚಾದರೂ ಬೆಲೆ ಏರಿಸಬಾರದು ಎಂದು ತರಗತಿಯಲ್ಲಿ ಹೇಳಿದರು. ವ್ಯಾಪಾರದಲ್ಲಿ ಎಲ್ಲರೂ ಏರಿಸುತ್ತಾರಲ್ಲ?

ಉತ್ತರ: ಮೇಲಿನ ಬೇಡಿಕೆಯನ್ನೇ ತೆಗೆದುಕೊಳ್ಳೋಣ: ಬೆಲೆ = 100 − 2 × ಪ್ರಮಾಣ. ಒಂದೊಂದು ಘಟಕ ತಯಾರಿಸಲು 20 ಖರ್ಚು, ಬಾಡಿಗೆ 300. ಮಾರ್ಜಿನಲ್ ರೆವೆನ್ಯೂ, ಅಂದರೆ ಇನ್ನೊಂದು ಘಟಕ ಮಾರಿದರೆ ಸೇರುವ ಆದಾಯ, 100 − 4 × ಪ್ರಮಾಣ. ಗೆರೆ ಸರಳವಾಗಿದ್ದಾಗ ಇಳಿಜಾರು ಎರಡು ಪಟ್ಟಾಗುತ್ತದೆ. ಅದನ್ನು ಇನ್ನೊಂದು ಘಟಕದ ಖರ್ಚಾದ 20ಕ್ಕೆ ಸಮ ಮಾಡಿದರೆ ಪ್ರಮಾಣ 20, ಬೆಲೆ 60. ಘಟಕಕ್ಕೆ 40ರಂತೆ 800 ಉಳಿಯುತ್ತದೆ, ಬಾಡಿಗೆ ಕಳೆದು ಲಾಭ 500.

ಬಾಡಿಗೆ 500ಕ್ಕೆ ಏರಿತು ಎನ್ನಿ. ಬೆಲೆ 60ರಲ್ಲೇ ಇದ್ದರೆ ಲಾಭ 300. ಸಿಟ್ಟಿಗೆ 70 ಮಾಡಿದರೆ ಮಾರಾಟ 15ಕ್ಕೆ ಇಳಿದು 750 ಉಳಿಯುತ್ತದೆ, ಲಾಭ 250. ಬಾಡಿಗೆಯ ಪೆಟ್ಟಿನ ಜೊತೆಗೆ 50 ನೀವೇ ಕಳೆದುಕೊಂಡಿರಿ. ಎಷ್ಟು ಮಾರಿದರೂ ಬಾಡಿಗೆ ಅಷ್ಟೇ ಇರುವುದರಿಂದ ಅದು ಸಮೀಕರಣದೊಳಗೆ ಬರುವುದೇ ಇಲ್ಲ. ಬಾಡಿಗೆ 800 ದಾಟಿದರೆ ಆಗ ಬರುವ ಪ್ರಶ್ನೆ ಬೇರೆ, ಅಂಗಡಿ ಇಟ್ಟುಕೊಳ್ಳಬೇಕೇ ಎಂಬುದು. ಕರಾರು ಮುಗಿಯುವವರೆಗೆ ನಡೆಸಿ, ಆಮೇಲೆ ಬಿಡಿ. ಮುಚ್ಚಿದರೂ ಬಾಡಿಗೆ ಕಟ್ಟಲೇಬೇಕಾದಾಗ ಬರುವ 800 ನಷ್ಟವನ್ನು ಕಡಿಮೆ ಮಾಡುತ್ತದೆ.

ಹಾಗಾದರೆ ಜನ ಏಕೆ ಏರಿಸುತ್ತಾರೆ? ಬಹುತೇಕ ಸಲ ಕಾರಣ ಇವುಗಳಲ್ಲೊಂದು: ಮೊದಲಿದ್ದ ಬೆಲೆಯೇ ಕಡಿಮೆಯಾಗಿತ್ತು, ಬಾಡಿಗೆ ಒಂದು ನೆಪ; ಬಾಡಿಗೆ ಮಾರಾಟದ ಪಾಲಾಗಿದೆ, ಅಂದರೆ ಅದು ಸ್ಥಿರ ವೆಚ್ಚವೇ ಅಲ್ಲ; ಅಥವಾ ಎದುರಾಳಿಗಳೂ ಬೆಲೆ ಏರಿಸಿದ್ದರಿಂದ ನಿಮ್ಮ ಬೇಡಿಕೆಯ ಗೆರೆಯೇ ಸರಿದಿದೆ. ಕೇಸ್ ಚರ್ಚೆಯಲ್ಲಿ ಇವನ್ನು ಬಿಡಿಸಿ ಹೇಳುವವರಿಗೇ ಅಂಕ.

ಪ್ರಶ್ನೆ: ಬೆಲೆಯನ್ನು ಶೇ 10 ಇಳಿಸಿದರೆ ಶೇ 10 ಹೆಚ್ಚು ಮಾರಿದರೆ ಸಾಕಲ್ಲವೇ?

ಉತ್ತರ: ಸಾಲದು. ಬೆಲೆ 100, ಘಟಕ ವೆಚ್ಚ 60 ಇದ್ದರೆ ಕೈಗೆ ಬರುವುದು 40. ಬೆಲೆ 90 ಆದರೆ ಬರೀ 30. 1000 ಘಟಕಗಳಿಂದ ಬರುತ್ತಿದ್ದ 40,000 ಮತ್ತೆ ಬರಲು 1,334 ಮಾರಬೇಕು, ಅಂದರೆ ಶೇ 33 ಹೆಚ್ಚು. ಅದೂ ಎದುರಾಳಿ ಸುಮ್ಮನೆ ಕೂತರೆ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಒಂದು ವರ್ಷದ ವಾರವಾರದ ಮಾರಾಟದ ಮೇಲೆ ರಿಗ್ರೆಷನ್ (ದತ್ತಾಂಶಕ್ಕೆ ಹೊಂದುವ ಗೆರೆ ಹುಡುಕುವ ಲೆಕ್ಕ) ಮಾಡಿದೆ. ಬೆಲೆಯ ಗುಣಾಂಕ ಧನಾತ್ಮಕ ಬಂತು. ಬೆಲೆ ಏರಿದಷ್ಟೂ ಮಾರಾಟ ಹೆಚ್ಚು ಎಂದು ಬರೆಯಲೇ?

ಉತ್ತರ: ದಯವಿಟ್ಟು ಬರೆಯಬೇಡಿ. ಕೊಳ್ಳುವವರು ಮುಗಿಬಿದ್ದ ವಾರಗಳಲ್ಲೇ ಮಾರುವವರು ಬೆಲೆ ಏರಿಸಿರುತ್ತಾರೆ. ನಿಮ್ಮ ಹಾಳೆಯಲ್ಲಿರುವುದು ಬೇಡಿಕೆಯ ಗೆರೆಯಲ್ಲ, ಬೇಡಿಕೆ ಮತ್ತು ಪೂರೈಕೆ ಎರಡೂ ಸರಿಯುತ್ತಾ ಸಂಧಿಸಿದ ಬಿಂದುಗಳು.

ಮೊದಲು ಬೆಲೆಯನ್ನು ವಾರವಾರು ಗುರುತಿಸಿ ಕಣ್ಣಾರೆ ನೋಡಿ. 52 ವಾರಗಳಲ್ಲಿ ಬೆಲೆ ಎರಡೇ ಸಲ ಬದಲಾಗಿದ್ದರೆ ಯಾವ ತಂತ್ರವೂ ನಿಮ್ಮನ್ನು ಉಳಿಸದು. ಪಟ್ಟಿಯ ಬೆಲೆ ಬೇಡ, ರಿಯಾಯಿತಿ ಕಳೆದು ಗ್ರಾಹಕ ನಿಜವಾಗಿ ಕೊಟ್ಟ ಬೆಲೆ ಹಾಕಿ. ದಾಸ್ತಾನು ಮುಗಿದ ವಾರಗಳನ್ನು ತೆಗೆಯಿರಿ. ಅಲ್ಲಿ ಮಾರಾಟ ನಿಂತಿದ್ದು ಮಾಲಿಲ್ಲದೆ. ಋತು, ಜಾಹೀರಾತು, ಎದುರಾಳಿಯ ಬೆಲೆ ಸೇರಿಸಿ. ಪ್ರಮಾಣ, ಬೆಲೆ ಎರಡಕ್ಕೂ ಲಾಗ್ (ಲಾಗರಿದಮ್) ತೆಗೆದುಕೊಂಡರೆ ಬೆಲೆಯ ಗುಣಾಂಕವೇ ಎಲಾಸ್ಟಿಸಿಟಿ.

ಇಷ್ಟಾದರೂ ಗುಣಾಂಕದ ಚಿಹ್ನೆ ಋಣಾತ್ಮಕವಾಗದಿದ್ದರೆ, ವೆಚ್ಚದ ಕಡೆಯಿಂದ ಬಂದ ಏರಿಳಿತವನ್ನು ಹುಡುಕಿ. ಕಚ್ಚಾವಸ್ತುವಿನ ದರ, ಸಾಗಣೆ ಖರ್ಚು, ತೆರಿಗೆ ಇಂಥವು ಬೆಲೆಯನ್ನು ಅಲುಗಿಸುತ್ತವೆ, ಗ್ರಾಹಕನ ಆಸೆಯನ್ನು ನೇರವಾಗಿ ಮುಟ್ಟುವುದಿಲ್ಲ. ಈ ಉಪಾಯ ಹೊಸದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ 1928ರಲ್ಲೇ ಎಣ್ಣೆಗಳ ಮೇಲಿನ ಸುಂಕದ ಪುಸ್ತಕದ ಅನುಬಂಧದಲ್ಲಿ ಇದನ್ನು ತೋರಿಸಿದ್ದರು. ಅಂಥ ದತ್ತಾಂಶ ಸಿಗದಿದ್ದರೆ ಸಂಖ್ಯೆಯನ್ನು ಎಳೆದಾಡದೆ, ಏಕೆ ನಂಬುವಂತಿಲ್ಲ ಎಂಬುದನ್ನು ಒಂದು ಪುಟ ಬರೆಯಿರಿ. ಒಳ್ಳೆಯ ಪರೀಕ್ಷಕರು ಅದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ.

ಪ್ರಶ್ನೆ: ಬಡ್ಡಿದರ ಏರಿದರೆ ಹೂಡಿಕೆ ಇಳಿಯುತ್ತದೆ ಎಂದು ಬರೆದೆ. ಅರ್ಧ ಅಂಕವೂ ಸಿಗಲಿಲ್ಲ.

ಉತ್ತರ: ಯಾವ ಬಡ್ಡಿದರ ಎಂದು ಹೇಳಿರಲಿಕ್ಕಿಲ್ಲ. ಬಡ್ಡಿ 8, ನಿರೀಕ್ಷಿತ ಹಣದುಬ್ಬರ 6 ಇದ್ದರೆ ನಿಜ ಬಡ್ಡಿ (ಹಣದುಬ್ಬರ ಕಳೆದ ಬಡ್ಡಿ) ಸುಮಾರು ಶೇ 2; ನಿಖರವಾಗಿ, 1.08ನ್ನು 1.06ರಿಂದ ಭಾಗಿಸಿ 1 ಕಳೆದರೆ ಶೇ 1.89. ಬಡ್ಡಿ 9ಕ್ಕೇರಿ ಹಣದುಬ್ಬರವೂ 9 ಆದರೆ ಸಾಲ ನಿಜದಲ್ಲಿ ಅಗ್ಗವಾಯಿತು. ಎಂಬಿಎ ಉತ್ತರಕ್ಕೆ ಇನ್ನೂ ಒಂದು ಹೆಜ್ಜೆ ಬೇಕು: ಕಂಪನಿಯ ಸಾಲ ಬದಲಾಗುವ ದರದ್ದೇ, ಗ್ರಾಹಕರು ಸಾಲ ಮಾಡಿ ಕೊಳ್ಳುವವರೇ, ವಿನಿಮಯ ದರ ಅದರ ರಫ್ತು ಆಮದನ್ನು ಎತ್ತ ತಳ್ಳುತ್ತದೆ ಎಂಬುದು.

ಪ್ರಶ್ನೆ: ಎರಡನೇ ವರ್ಷಕ್ಕೆ ಅರ್ಥಶಾಸ್ತ್ರದ ಒಂದೇ ಐಚ್ಛಿಕ ವಿಷಯಕ್ಕೆ ಜಾಗವಿದೆ. ಯಾವುದು?

ಉತ್ತರ: ಎಕನಾಮೆಟ್ರಿಕ್ಸ್ (ದತ್ತಾಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಸ್ತ್ರ), ಕಣ್ಣು ಮುಚ್ಚಿಕೊಂಡು. ಎದುರಾಳಿಯ ನಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಗೇಮ್ ಥಿಯರಿಯ ಮೂಲ ಪಾಠವನ್ನು ಮನೆಯಲ್ಲಿ ಕೂತು ಓದಿಕೊಳ್ಳಬಹುದು; ರಿಗ್ರೆಷನ್‌ನಲ್ಲಿ ಆಗುವ ತಪ್ಪನ್ನು ಬೇರೊಬ್ಬರು ತೋರಿಸಿಕೊಡಬೇಕು. ವಿದೇಶಿ ವಿನಿಮಯದ ಕೆಲಸಕ್ಕೇ ಹೋಗುವವರಾದರೆ ಮಾತ್ರ ಅಂತರರಾಷ್ಟ್ರೀಯ ಮ್ಯಾಕ್ರೋ (ಸಮಗ್ರ ಅರ್ಥಶಾಸ್ತ್ರ) ತೆಗೆದುಕೊಳ್ಳಿ.